ಮಾತ್ರೆಯ ಲೆಕ್ಕ, ತಟ್ಟೆಯ ಲೆಕ್ಕ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ, ಅಂಕಣವನ್ನು ಈ ಬಾರಿ ಪೂರ್ತಿಯಾಗಿ ಮಧುಮೇಹ ಮತ್ತು ಕಾರ್ಬೋಹೈಡ್ರೇಟ್ ತಗ್ಗಿಸಿದ ಆಹಾರಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿ, ಹೆಸರುಗಳನ್ನು ಕೈಬಿಟ್ಟಿದ್ದೇನೆ. ರಕ್ತದ ಸಕ್ಕರೆಯ ಅಂಕಿಗಳೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.

ಪ್ರಶ್ನೆ: ನನಗೆ 52 ವರ್ಷ. ಆರು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ನೂರಕ್ಕೆ 8.2 ಬಂದಾಗ ಹೆದರಿ ಅನ್ನ, ಬ್ರೆಡ್, ಆಲೂಗಡ್ಡೆಗಳನ್ನು ಒಂದೇ ದಿನ ಬಿಟ್ಟುಬಿಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾಯಿತು. ಮೀಟರ್ 58 ತೋರಿಸಿತು. ಈ ಪಥ್ಯ ನನಗೆ ಒಗ್ಗುವುದಿಲ್ಲವೆಂದು ಮನೆಯವರು ಹೇಳುತ್ತಿದ್ದಾರೆ. ಬಿಟ್ಟುಬಿಡಲೇ?

ಉತ್ತರ: ಪಥ್ಯ ನಿಮಗೆ ಚೆನ್ನಾಗಿಯೇ ಒಗ್ಗಿದೆ. ಹೊಂದದೆ ಹೋದದ್ದು, ಹಳೆಯ ಊಟಕ್ಕೆಂದು ಬರೆದುಕೊಟ್ಟ ಗ್ಲಿಮೆಪಿರೈಡನ್ನು ಹೊಸ ಊಟದೊಂದಿಗೆ ಹಳೆಯ ಪ್ರಮಾಣದಲ್ಲೇ ನುಂಗುತ್ತ ಬಂದದ್ದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವೆಲ್ಲ ಒಂದೇ ಗುಂಪಿನ ಮಾತ್ರೆಗಳು. ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಒತ್ತಾಯದಿಂದ ಹೊರಡಿಸುತ್ತವೆ. ಆ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೋ ಕಡಿಮೆಯಿದೆಯೋ ಎಂದು ನೋಡಿಕೊಂಡು ನಿಲ್ಲುವ ಸ್ವಭಾವ ಅವುಗಳಿಗಿಲ್ಲ. ನೀವು ದಿನಕ್ಕೆ ಇನ್ನೂರೈವತ್ತು ಗ್ರಾಂ ಕಾರ್ಬೋಹೈಡ್ರೇಟ್ ಉಣ್ಣುತ್ತಿದ್ದಾಗ ಗೊತ್ತುಮಾಡಿದ ಮಾತ್ರೆ, ನೀವು ಐವತ್ತು ಗ್ರಾಂ ಉಂಡ ದಿನವೂ ಅಷ್ಟೇ ಕೆಲಸ ಮಾಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರ ವಿಷಯದಲ್ಲಿ ಈ ಮಾತು ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಲೋ ಶುಗರ್ ಆಗುವುದು ಅಪರೂಪ.

ಕಾರ್ಬೋಹೈಡ್ರೇಟ್ ಕಡಿತವನ್ನು ಜನ ‘ಬರೀ ಊಟದ ವಿಷಯ’ ಎಂದುಕೊಂಡು ವೈದ್ಯರಿಗೆ ತಿಳಿಸದೆ ಆರಂಭಿಸುತ್ತಾರೆ. ಹೊಸ ಮಾತ್ರೆಯೊಂದನ್ನು ಸೇರಿಸಿದರೆ ಎಷ್ಟು ಎಚ್ಚರ ಬೇಕೋ ಅಷ್ಟೇ ಎಚ್ಚರ ಇದಕ್ಕೂ ಬೇಕು, ಏಕೆಂದರೆ ಇದರ ಬಲವೂ ಮಾತ್ರೆಯಷ್ಟೇ ಇದೆ. ಇಂಥ ಪಥ್ಯ ಹಿಡಿಯುವ ದಿನವೇ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯನ್ನು ಅರ್ಧಕ್ಕೆ ಇಳಿಸುವುದು ಅಥವಾ ನಿಲ್ಲಿಸುವುದು ವೈದ್ಯರಲ್ಲಿ ರೂಢಿಯಲ್ಲಿರುವ ಕ್ರಮ. ಆದರೆ ಎಷ್ಟು ಇಳಿಸಬೇಕೆಂಬುದನ್ನು ನಿಮ್ಮ ಕಡತ ನೋಡಿದವರೇ ಹೇಳಬೇಕು. ನಾಳೆಯೇ ಹೋಗಿ, ಅಲ್ಲಿಯವರೆಗೆ ಪ್ರತಿ ಊಟದಲ್ಲೂ ಅನ್ನ, ಬ್ರೆಡ್ಡಿನಂಥ ಪಿಷ್ಟ ಸ್ವಲ್ಪ ಇರಲಿ.

ಮೀಟರ್ 70ಕ್ಕಿಂತ ಕೆಳಗೆ ತೋರಿಸಿದಾಗ ಪಥ್ಯದ ಮಾತು ಆ ಗಳಿಗೆಗೆ ಬೇಡ. ಸುಮಾರು 15 ಗ್ರಾಂ ಗ್ಲೂಕೋಸ್, ಇಲ್ಲವೆಂದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ; ಏರದಿದ್ದರೆ ಅಷ್ಟನ್ನೇ ಮತ್ತೊಮ್ಮೆ ಕುಡಿಯಿರಿ. ಅಕಾರ್ಬೋಸ್ ಮಾತ್ರೆಯನ್ನೂ ತೆಗೆದುಕೊಳ್ಳುವವರು ಮನೆಯಲ್ಲಿ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು, ಏಕೆಂದರೆ ಆ ಮಾತ್ರೆಯು ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ತಡೆಯುವುದರಿಂದ ಸಾಮಾನ್ಯ ಸಕ್ಕರೆ ಬೇಕಾದಷ್ಟು ಬೇಗ ರಕ್ತ ಸೇರುವುದಿಲ್ಲ.

ಇನ್ನೊಂದು ಗುಂಪಿನ ಮಾತ್ರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಇತರ ಓದುಗರಿಗಾಗಿ ಬರೆಯುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಹೀಗೆ ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಹೆಸರುಗಳ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವುಗಳನ್ನು ನುಂಗುತ್ತಲೇ ಕಾರ್ಬೋಹೈಡ್ರೇಟನ್ನು ತೀರ ಕೆಳಗಿಳಿಸಿದರೆ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಅಪಾಯ ಹೆಚ್ಚುತ್ತದೆ. ಇಲ್ಲಿ ಮೋಸ ಹೋಗುವುದು ಸುಲಭ: ಮೀಟರಿನಲ್ಲಿ ಸಕ್ಕರೆ 160 ಅಥವಾ 180 ಇರುತ್ತದೆ, ರೋಗಿ ಮಾತ್ರ ವಾಂತಿ, ಹೊಟ್ಟೆನೋವು, ಏದುಸಿರಿನಿಂದ ಬಳಲುತ್ತಿರುತ್ತಾನೆ, ಶುಗರ್ ಅಷ್ಟೇನೂ ಇಲ್ಲವಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಈ ಮಾತ್ರೆಯಲ್ಲಿರುವವರಿಗೆ ಇಂಥ ಲಕ್ಷಣ ಕಂಡರೆ ಮೀಟರ್ ಏನೇ ಹೇಳಲಿ, ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ರಕ್ತದೊತ್ತಡದ ಮಾತ್ರೆಗಳ ಮೇಲೂ ಒಂದು ಕಣ್ಣಿರಲಿ. ದೇಹ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಮೊದಲ ವಾರ ಆ ದಾಸ್ತಾನು ಕರಗಿದಂತೆ ನೀರೂ ಉಪ್ಪೂ ಮೂತ್ರದಲ್ಲಿ ಹೊರಟುಹೋಗುತ್ತವೆ. ಇದರಿಂದ ರಕ್ತದೊತ್ತಡ ತಾನೇ ಇಳಿಯುವಾಗ ಹಳೆಯ ಪ್ರಮಾಣದ ಮಾತ್ರೆ ಅದನ್ನು ಇನ್ನೂ ಇಳಿಸುತ್ತದೆ; ತೂಕ ಎರಡು ಕಿಲೋ ಇಳಿಯಿತೆಂದು ಹಿಗ್ಗುವ ಹೊತ್ತಿಗೇ ಎದ್ದು ನಿಂತರೆ ತಲೆಸುತ್ತು ಬರುತ್ತದೆ.

ಪ್ರಶ್ನೆ: ಲೋ ಕಾರ್ಬ್ ಎಂದರೆ ನಿಖರವಾಗಿ ಎಷ್ಟು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇದ್ದರೆ ಅದನ್ನು ಲೋ ಕಾರ್ಬ್ ಎನ್ನುತ್ತಾರೆ, 20ರಿಂದ 50 ಗ್ರಾಂ ಒಳಗಿನದು ಅತಿ ಕಡಿಮೆ, ಅಂದರೆ ಜನ ‘ಕೀಟೋ’ ಎಂದು ಕರೆಯುವ ಬಗೆ. ಇವು ಆಹಾರದ ತೂಕವಲ್ಲ, ಆಹಾರದೊಳಗಿನ ಕಾರ್ಬೋಹೈಡ್ರೇಟಿನ ತೂಕ ಎಂಬುದನ್ನು ಮರೆಯಬಾರದು. ಬೆಂದ ಅನ್ನ 100 ಗ್ರಾಂ ಇದ್ದರೆ ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 28 ಗ್ರಾಂ; ಬ್ರೆಡ್ಡಿನ ಒಂದು ಹೋಳಿನಲ್ಲಿ 12ರಿಂದ 15; ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 27; ಒಂದು ಲೋಟ ಹಾಲಿನಲ್ಲಿ 10ರ ಆಸುಪಾಸು; ಮೊಟ್ಟೆಯಲ್ಲಿ ಒಂದು ಗ್ರಾಮೂ ಇಲ್ಲ.

ಅಡುಗೆಮನೆಗೆ ಒಂದು ಚಿಕ್ಕ ತಕ್ಕಡಿ ತಂದು, ದಿನವೂ ಬಡಿಸಿಕೊಳ್ಳುವಷ್ಟೇ ಅನ್ನವನ್ನು ಒಂದು ದಿನ ತೂಗಿ ನೋಡಿ. ‘ಸ್ವಲ್ಪವೇ ಉಣ್ಣುತ್ತೇನೆ’ ಎನ್ನುವವರ ತಟ್ಟೆಯಲ್ಲೂ 300 ಗ್ರಾಂ ಇರುವುದನ್ನು ಕಂಡಿದ್ದೇನೆ. ಅಂದರೆ ಒಂದೇ ಹೊತ್ತಿಗೆ 84 ಗ್ರಾಂ. ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು: ಆರೋಗ್ಯವಂತ ವಯಸ್ಕರ ಐದು ಲೀಟರ್ ರಕ್ತದಲ್ಲಿ ಒಟ್ಟಾರೆ ಇರುವ ಸಕ್ಕರೆ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಊಟದಿಂದ ಬಂದ 84 ಗ್ರಾಂ ಸಕ್ಕರೆಯನ್ನು ಎರಡು ಮೂರು ಗಂಟೆಗಳಲ್ಲಿ ಸ್ನಾಯುಗಳಿಗೂ ಯಕೃತ್ತಿಗೂ ಸಾಗಿಸಿ ಆ ಒಂದು ಚಮಚವನ್ನು ಒಂದೇ ಚಮಚವಾಗಿ ಉಳಿಸುವುದು ಇನ್ಸುಲಿನ್ನಿನ ಕೆಲಸ. ಆ ಕೆಲಸ ಕುಂಟುತ್ತಿರುವ ದೇಹಕ್ಕೆ ಹೊರೆಯನ್ನೇ ತಗ್ಗಿಸೋಣ ಎಂಬುದು ಈ ಪಥ್ಯದ ಪೂರ್ತಿ ತರ್ಕ. ತರ್ಕ ಹೊಸದೂ ಅಲ್ಲ: ಜಾನ್ ರೋಲೋ ಎಂಬ ಸ್ಕಾಟಿಷ್ ಸೇನಾ ವೈದ್ಯರು ಮಾಂಸಪ್ರಧಾನ ಆಹಾರದಿಂದ ಮಧುಮೇಹಿಯೊಬ್ಬನ ಮೂತ್ರದ ಸಕ್ಕರೆ ಇಳಿದದ್ದನ್ನು 1797ರಲ್ಲೇ ಪ್ರಕಟಿಸಿದ್ದರು.

ಮೊದಲ ಬಾರಿ ಪ್ರಯತ್ನಿಸುವ ಹೆಚ್ಚಿನವರಿಗೆ ನಾನು 100ರಿಂದ 130 ಗ್ರಾಂ ಮಟ್ಟವನ್ನೇ ಸೂಚಿಸುತ್ತೇನೆ. 20 ಗ್ರಾಂ ಮಟ್ಟದಲ್ಲಿ ಅಂಕಿಗಳು ಬೇಗ ಇಳಿಯುತ್ತವೆ ಎಂಬುದು ನಿಜ, ಮೂರನೆಯ ತಿಂಗಳು ಅದನ್ನು ಬಿಟ್ಟವರ ಸಂಖ್ಯೆಯೂ ದೊಡ್ಡದೇ.

ಪ್ರಶ್ನೆ: ಮೆದುಳಿಗೆ ಗ್ಲೂಕೋಸ್ ಬೇಕೇ ಬೇಕು, ಪಿಷ್ಟ ಬಿಟ್ಟರೆ ಮೆದುಳು ಸೊರಗುತ್ತದೆ, ಕೀಟೋನ್ ವಿಷ ಎಂದು ಓದಿದೆ. ನಿಜವೇ?

ಉತ್ತರ: ಮೆದುಳು ದಿನಕ್ಕೆ ನೂರಿಪ್ಪತ್ತು ಗ್ರಾಂನಷ್ಟು ಗ್ಲೂಕೋಸ್ ಬಳಸುತ್ತದೆ ಎಂಬುದು ಸರಿ. ಆದರೆ ಅಷ್ಟೂ ಬಾಯಿಯ ಮೂಲಕವೇ ಬರಬೇಕೆಂದಿಲ್ಲ. ಯಕೃತ್ತು ಪ್ರೋಟೀನಿನ ಅಂಶಗಳಿಂದಲೂ ಕೊಬ್ಬಿನ ಗ್ಲಿಸರಾಲ್‌ನಿಂದಲೂ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ, ಮತ್ತು ಪಿಷ್ಟ ತೀರ ಕಡಿಮೆಯಾದಾಗ ಮೆದುಳು ತನ್ನ ಅಗತ್ಯದ ದೊಡ್ಡ ಭಾಗವನ್ನು, ಯಕೃತ್ತು ಕೊಬ್ಬಿನಿಂದ ತಯಾರಿಸುವ ಕೀಟೋನ್‌ಗಳಿಂದ ಪೂರೈಸಿಕೊಳ್ಳಲು ಕಲಿಯುತ್ತದೆ. ಪಥ್ಯದಿಂದ ಬರುವ ಕೀಟೋಸಿಸ್‌ನಲ್ಲಿ ರಕ್ತದ ಕೀಟೋನ್ ಲೀಟರಿಗೆ 0.5ರಿಂದ 3 ಮಿಲಿಮೋಲ್ ಮಧ್ಯೆ ನಿಲ್ಲುತ್ತದೆ, ಏಕೆಂದರೆ ಸ್ವಲ್ಪವಾದರೂ ಇನ್ಸುಲಿನ್ ಇರುವ ದೇಹ ಅದಕ್ಕೆ ಲಗಾಮು ಹಾಕುತ್ತದೆ. ಇನ್ಸುಲಿನ್ ಇಲ್ಲದಾಗ ಲಗಾಮು ಕಳಚಿ ಅದು ಮೇಲೇರುತ್ತಲೇ ಹೋಗುವುದು ಕೀಟೋಆಸಿಡೋಸಿಸ್. ಹೆಸರುಗಳು ಹತ್ತಿರವಿದ್ದರೂ ಸ್ಥಿತಿಗಳು ಬೇರೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆ ಮುಂದುವರಿದವರು ಮತ್ತು ಹಿಂದೆ ಆಹಾರ ಸೇವನೆಯ ಮಾನಸಿಕ ತೊಂದರೆ ಅನುಭವಿಸಿದವರು ಮಾತ್ರ ಅತಿ ಕಡಿಮೆ ಮಟ್ಟದ ಗೋಜಿಗೆ ಹೋಗಬಾರದು.

ಪ್ರಶ್ನೆ: ಸಕ್ಕರೆ ಬಿಟ್ಟು ಎರಡು ವರ್ಷವಾಯಿತು. ಇಡಿಗೋಧಿ ಮತ್ತು ಓಟ್ಸ್ ಮಾತ್ರ ತಿನ್ನುತ್ತೇನೆ. ಆದರೂ ಊಟವಾದ ಎರಡು ಗಂಟೆಗೆ 210, 220 ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಪಿಷ್ಟವೆಂಬುದು ಗ್ಲೂಕೋಸಿನ ಉದ್ದನೆಯ ಸರ. ನಾಲಿಗೆಗೆ ಅದು ಸಿಹಿಯಾಗಿ ತೋರದಿದ್ದರೂ ಕರುಳಿನಲ್ಲಿ ಆ ಸರದ ಮಣಿಗಳು ಬಿಡಿಬಿಡಿಯಾದ ಮೇಲೆ ರಕ್ತಕ್ಕೆ ಸೇರುವುದು ಗ್ಲೂಕೋಸೇ. ಇಡಿ ಧಾನ್ಯದಲ್ಲಿ ನಾರು ಇರುವುದರಿಂದ ಏರಿಕೆ ತುಸು ನಿಧಾನವಾಗುತ್ತದೆ. ಆ ಲಾಭ ದಿಟವಾದದ್ದು. ಆದರೆ ಪ್ರಮಾಣ ದೊಡ್ಡದಿದ್ದರೆ ನಿಧಾನವಾಗಿ ಬಂದರೂ ಬರುವ ಮೊತ್ತ ಅಷ್ಟೇ.

ನಿಮ್ಮ ಮೀಟರನ್ನೇ ಇಲ್ಲಿ ಗುರುವಾಗಿಟ್ಟುಕೊಳ್ಳಿ. ಒಂದು ವಾರ, ದಿನಕ್ಕೆ ಒಂದೇ ಊಟವನ್ನು ಆರಿಸಿಕೊಂಡು, ಮೊದಲ ತುತ್ತಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ಪರೀಕ್ಷಿಸಿ, ಎರಡರ ವ್ಯತ್ಯಾಸವನ್ನೂ ತಟ್ಟೆಯಲ್ಲಿ ಇದ್ದದ್ದನ್ನೂ ಬರೆದಿಡಿ. 130ರಿಂದ ಹೊರಟು 215 ಮುಟ್ಟಿದ ಊಟಕ್ಕೆ ಸಿಗುವ ಅಂಕ 85. ಮರುದಿನ ಅದೇ ಧಾನ್ಯವನ್ನು ಅರ್ಧ ಮಾಡಿ, ಬಿಟ್ಟ ಜಾಗವನ್ನು ಸೊಪ್ಪು ತರಕಾರಿ, ಮೊಟ್ಟೆ, ಪನೀರ್ ಅಥವಾ ಮೀನಿನಿಂದ ತುಂಬಿಸಿ ಮತ್ತೆ ಅಳೆಯಿರಿ. ಮೂರನೆಯ ದಿನ ಅದೇ ಅರ್ಧ ಪ್ರಮಾಣವಿರಲಿ, ಆದರೆ ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಇಟ್ಟುಕೊಳ್ಳಿ. ತಿನ್ನುವ ಕ್ರಮ ಬದಲಾದರೇ ಏರಿಕೆ ತಗ್ಗುವುದನ್ನು ಬಹಳ ಮಂದಿ ನಂಬುವುದಿಲ್ಲ, ತಮ್ಮ ಬೆರಳ ತುದಿಯ ರಕ್ತದಲ್ಲಿ ಕಂಡ ಮೇಲೆ ನಂಬುತ್ತಾರೆ. ನಾಲ್ಕನೆಯ ದಿನ ಊಟದ ನಂತರ ಹದಿನೈದು ನಿಮಿಷದ ನಡಿಗೆಯನ್ನು ಸೇರಿಸಿ. ಮನೆಯ ಮೀಟರಿನಲ್ಲಿ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆ ಇರುವುದು ಸಹಜವಾದ್ದರಿಂದ 150, 158ರ ನಡುವಿನ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ; 215 ಇದ್ದದ್ದು 160 ಆದರೆ ಅದಕ್ಕೆ ಅರ್ಥವಿದೆ.

ಪ್ರಶ್ನೆ: ಸಕ್ಕರೆಯ ಬದಲು ಜೇನುತುಪ್ಪ ಆಗಬಹುದೇ?

ಉತ್ತರ: ಆಗದು. ಜೇನಿನ ತೂಕದಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಸಕ್ಕರೆಯೇ ಇದೆ, ಮೀಟರು ಅದರ ಹಿರಿಮೆಯನ್ನು ಗಣಿಸುವುದಿಲ್ಲ.

ಪ್ರಶ್ನೆ: ಮೂರು ತಿಂಗಳಿಂದ ಲೋ ಕಾರ್ಬ್ ಅನುಸರಿಸುತ್ತಿದ್ದೇನೆ. ಊಟದ ನಂತರ 140 ದಾಟುವುದಿಲ್ಲ. ಆದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 125ರಿಂದ 135 ಬರುತ್ತದೆ. ರಾತ್ರಿ ಏನನ್ನೂ ತಿನ್ನದೆ ಸಕ್ಕರೆ ಎಲ್ಲಿಂದ ಬಂತು?

ಉತ್ತರ: ನಿಮ್ಮ ಯಕೃತ್ತಿನಿಂದ. ನಸುಕಿನಲ್ಲಿ ದೇಹ ಎಚ್ಚರಗೊಳ್ಳಲು ಸಿದ್ಧವಾಗುವಾಗ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮೊದಲಾದವು ಏರಿ, ಕೂಡಿಟ್ಟ ಸಕ್ಕರೆಯನ್ನು ಹೊರಬಿಡುವಂತೆ ಯಕೃತ್ತಿಗೆ ಸೂಚಿಸುತ್ತವೆ. ಮಧುಮೇಹವಿಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಅದನ್ನು ಸರಿದೂಗಿಸುತ್ತದೆ, ನಿಮ್ಮಲ್ಲಿ ತಡವಾಗುತ್ತದೆ. ಇದರ ಮೇಲೆ, ಪಿಷ್ಟ ಕಡಿಮೆ ತಿನ್ನುವ ದೇಹದ ಸ್ನಾಯುಗಳು ಕೊಬ್ಬನ್ನೇ ಉರಿಸುತ್ತ ಗ್ಲೂಕೋಸನ್ನು ಮೆದುಳಿಗೆ ಬಿಟ್ಟುಕೊಡುವ ಅಭ್ಯಾಸ ಮಾಡಿಕೊಳ್ಳುವುದರಿಂದಲೂ ಬೆಳಗಿನ ಅಂಕಿ ತುಸು ಮೇಲಿರುತ್ತದೆ. ಆ ಒಂದು ಅಂಕಿಗಾಗಿ ರಾತ್ರಿಯೂಟ ಬಿಟ್ಟು ಒದ್ದಾಡಬೇಡಿ. ಎಚ್‌ಬಿಎ1ಸಿ ಮಾಡಿಸಿ, ಅದು ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಬಹುತೇಕ ವಯಸ್ಕರಿಗೆ ಅದು 7ಕ್ಕಿಂತ ಕೆಳಗಿದ್ದರೆ ಸಾಕು.

ಇದೇ ಕಾರಣದಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ಲೋ ಕಾರ್ಬ್‌ನಲ್ಲಿರುವವರು ಗ್ಲೂಕೋಸ್ ಕುಡಿದು ಮಾಡುವ ಸಹಿಷ್ಣುತಾ ಪರೀಕ್ಷೆಗೆ ನೇರವಾಗಿ ಹೋದರೆ, ಮಧುಮೇಹ ಇಲ್ಲದಿದ್ದರೂ ಇದೆಯೆಂಬಂತೆ ಅಂಕಿ ಬರಬಹುದು. ಪರೀಕ್ಷೆಗೆ ಮುಂಚಿನ ಮೂರು ದಿನ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ತಿಂದಿರಬೇಕೆಂಬ ನಿಯಮ ಇರುವುದು ಅದಕ್ಕಾಗಿ.

ಪ್ರಶ್ನೆ: ಶುಗರ್ ಹತೋಟಿಗೆ ಬಂತು, ಆದರೆ ಎಲ್‌ಡಿಎಲ್ ಕೊಲೆಸ್ಟರಾಲ್ 110 ಇದ್ದದ್ದು 165 ಆಗಿದೆ. ಟ್ರೈಗ್ಲಿಸರೈಡ್ ಮಾತ್ರ ಇಳಿದಿದೆ. ಚಿಂತಿಸಬೇಕೇ?

ಉತ್ತರ: ಚಿಂತಿಸಬೇಕು. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಯುವುದು ಈ ಪಥ್ಯದ ನಿರೀಕ್ಷಿತ ಫಲ, ಆದರೆ ಅದು ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ ಎಲ್‌ಡಿಎಲ್ ಏರಿಕೆಗೆ ಪರಿಹಾರವಾಗುವುದಿಲ್ಲ. ಮಧುಮೇಹಿಗಳನ್ನು ಹೆಚ್ಚು ಬಲಿತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ. ಪಿಷ್ಟ ತೆಗೆದ ಜಾಗಕ್ಕೆ ಏನು ಬಂದಿದೆ ಎಂದು ನೋಡಿಕೊಳ್ಳಿ. ಬೆಣ್ಣೆ, ಕೆನೆ, ಚೀಸ್, ಕೊಬ್ಬಿನ ಮಾಂಸ ಬಂದಿದ್ದರೆ ಅವುಗಳ ಬದಲು ಬಾದಾಮಿ, ಅಕ್ರೋಟ್, ದ್ವಿದಳ ಧಾನ್ಯ, ಮೀನು, ಆಲಿವ್ ಅಥವಾ ಕಡಲೆಕಾಯಿ ಎಣ್ಣೆ ಬರಲಿ. ಎರಡು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರೆ, ‘ಪಥ್ಯ ಮಾಡುತ್ತಿದ್ದೇನಲ್ಲ’ ಎಂದು ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಲೋ ಕಾರ್ಬ್‌ನಿಂದ ಸಕ್ಕರೆ ಕಾಯಿಲೆ ಪೂರ್ತಿ ಗುಣವಾಗುತ್ತದೆಯೇ? ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ.

ಉತ್ತರ: ನಾನೂ ಕಂಡಿದ್ದೇನೆ. ವೈದ್ಯರು ಅದನ್ನು ‘ಗುಣ’ ಎನ್ನದೆ ‘ಉಪಶಮನ’ ಎನ್ನುತ್ತಾರೆ: ಸಕ್ಕರೆ ಇಳಿಸುವ ಯಾವ ಔಷಧವೂ ಇಲ್ಲದೆ ಕನಿಷ್ಠ ಮೂರು ತಿಂಗಳು ಕಳೆದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿರಬೇಕು ಎಂಬುದು 2021ರಲ್ಲಿ ಒಪ್ಪಿತವಾದ ವ್ಯಾಖ್ಯೆ. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 23 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಬರಹವೊಂದು ಬಂತು. ಆರು ತಿಂಗಳ ಹೊತ್ತಿಗೆ ಲೋ ಕಾರ್ಬ್ ಗುಂಪಿನಲ್ಲಿ ಉಪಶಮನ ಕಂಡವರು ಇತರ ಪಥ್ಯಗಳಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರು, ಹನ್ನೆರಡು ತಿಂಗಳ ಹೊತ್ತಿಗೆ ಆ ಮುನ್ನಡೆ ಬಹಳಷ್ಟು ಕರಗಿತ್ತು.

ಇದರ ಪಕ್ಕದಲ್ಲಿ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನವನ್ನು ಇಟ್ಟು ನೋಡುವುದು ನನಗಿಷ್ಟ. ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕಿಲೋಕ್ಯಾಲರಿಯ ದ್ರವಾಹಾರ ಮಾತ್ರ ಕೊಟ್ಟು, ನಂತರ ನಿಧಾನವಾಗಿ ಊಟಕ್ಕೆ ಮರಳಿಸಿದರು. ಒಂದು ವರ್ಷದ ಕೊನೆಗೆ ನೂರಕ್ಕೆ 46 ಮಂದಿ, ಎರಡು ವರ್ಷಕ್ಕೆ 36 ಮಂದಿ ಉಪಶಮನದಲ್ಲಿದ್ದರು. 15 ಕಿಲೋ ಅಥವಾ ಅದಕ್ಕೂ ಹೆಚ್ಚು ಇಳಿಸಿದವರಲ್ಲಿ ಒಂದು ವರ್ಷಕ್ಕೆ 86. ಕುತೂಹಲದ ಸಂಗತಿಯೆಂದರೆ ಆ ದ್ರವಾಹಾರದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಬೋಹೈಡ್ರೇಟಿನದೇ ಆಗಿತ್ತು. ಆದರೆ ಒಟ್ಟು ಆಹಾರವೇ ಅಷ್ಟು ಕಡಿಮೆಯಿದ್ದುದರಿಂದ ಗ್ರಾಂ ಲೆಕ್ಕದಲ್ಲಿ ಅದು 130ರ ಒಳಗೇ ಬರುತ್ತದೆ! ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಕೂತ ಕೊಬ್ಬು ಕರಗಿದ್ದೇ ಅಲ್ಲಿ ಮುಖ್ಯ ಕಾರಣವೆಂದು ಸಂಶೋಧಕರು ವಾದಿಸುತ್ತಾರೆ. ಆದ್ದರಿಂದ ಹೊಟ್ಟೆಯ ಸುತ್ತ ತೂಕವಿರುವವರು ಲೋ ಕಾರ್ಬನ್ನು ತೂಕ ಇಳಿಸುವ ದಾರಿಯಾಗಿ ಬಳಸಿದರೆ ಫಲ ದೊಡ್ಡದು. ಪಿಷ್ಟ ಬಿಟ್ಟು ಅದೇ ಕ್ಯಾಲರಿಯನ್ನು ಕೊಬ್ಬಿನಿಂದ ತುಂಬಿಸಿಕೊಂಡರೆ ಊಟದ ನಂತರದ ಅಂಕಿ ಇಳಿದೀತು, ಕಾಯಿಲೆ ತನ್ನ ಜಾಗದಲ್ಲೇ ಇದ್ದೀತು.

ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ. ಉಪಶಮನದಲ್ಲಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದ ಅಲ್ಬುಮಿನ್ ಮತ್ತು ಪಾದಗಳ ಪರೀಕ್ಷೆ ನಿಲ್ಲಬಾರದು. ಬಹುಕಾಲ ಎಚ್‌ಬಿಎ1ಸಿ ತುಂಬ ಹೆಚ್ಚಿದ್ದವರು ಪಥ್ಯ ಆರಂಭಿಸುವ ಮುಂಚೆಯೇ ಕಣ್ಣು ತೋರಿಸಿಕೊಳ್ಳಬೇಕು, ಏಕೆಂದರೆ ಸಕ್ಕರೆ ಥಟ್ಟನೆ ಇಳಿದಾಗ ಅಕ್ಷಿಪಟಲದ ತೊಂದರೆ ಕೆಲವರಲ್ಲಿ ತಾತ್ಕಾಲಿಕವಾಗಿ ಉಲ್ಬಣಿಸುತ್ತದೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಮಧುಮೇಹ. ಪಿಷ್ಟವನ್ನು ಪೂರ್ತಿ ನಿಲ್ಲಿಸಿದರೆ ಇನ್ಸುಲಿನ್ ಬೇಕಾಗುವುದಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ.

ಉತ್ತರ: ದಯವಿಟ್ಟು ಆ ಮಾತನ್ನು ಕೇಳಬೇಡಿ. ಇನ್ಸುಲಿನ್ ಪತ್ತೆಯಾಗುವ ಮುಂಚೆ ವೈದ್ಯರ ಕೈಯಲ್ಲಿದ್ದದ್ದು ಇದೊಂದೇ ಉಪಾಯ. ಟೈಪ್ 1 ಇರುವ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು, ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಉಳಿಸಿಕೊಳ್ಳುತ್ತಿದ್ದರು. 1922ರ ಜನವರಿಯಲ್ಲಿ ಟೊರೊಂಟೊದ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ ಆಗ 14 ವರ್ಷ, ತೂಕ 30 ಕಿಲೋಗಿಂತ ಕಡಿಮೆ. ಪಥ್ಯ ಅವನನ್ನು ಅಲ್ಲಿಗೆ ತಂದಿತ್ತು, ಇನ್ಸುಲಿನ್ ಅವನಿಗೆ ಇನ್ನೂ 13 ವರ್ಷ ಕೊಟ್ಟಿತು. ನಿಮ್ಮ ಮಗಳ ದೇಹ ಇನ್ಸುಲಿನ್ ತಯಾರಿಸುತ್ತಿಲ್ಲ. ಒಂದು ತುತ್ತೂ ತಿನ್ನದ ದಿನವೂ ಅವಳಿಗೆ ಇನ್ಸುಲಿನ್ ಬೇಕು, ಏಕೆಂದರೆ ಯಕೃತ್ತು ಸಕ್ಕರೆಯನ್ನೂ ಕೀಟೋನನ್ನೂ ಬಿಡುತ್ತಲೇ ಇರುತ್ತದೆ.

ಬೆಳೆಯುವ ಮಗುವಿಗೆ ಕಾರ್ಬೋಹೈಡ್ರೇಟನ್ನು ಕಡಿಯುವುದಕ್ಕಿಂತ ಎಣಿಸುವುದು ಕಲಿಸಬೇಕಾದ ವಿದ್ಯೆ. ಮುಂದಿನ ಭೇಟಿಯಲ್ಲಿ ಮಕ್ಕಳ ಮಧುಮೇಹ ತಜ್ಞರನ್ನು ಮೂರು ಸಂಗತಿ ಕೇಳಿ ಬರೆದುಕೊಳ್ಳಿ: ಒಂದು ಯೂನಿಟ್ ಇನ್ಸುಲಿನ್ ಅವಳ ಊಟದ ಎಷ್ಟು ಗ್ರಾಂ ಕಾರ್ಬೋಹೈಡ್ರೇಟಿಗೆ ಸರಿಹೋಗುತ್ತದೆ, ಜ್ವರ ವಾಂತಿ ಬಂದ ದಿನ ಕೀಟೋನನ್ನು ಎಷ್ಟು ಗಂಟೆಗೊಮ್ಮೆ ನೋಡಬೇಕು, ಮತ್ತು ಕೀಟೋನ್ ಯಾವ ಅಂಕಿ ದಾಟಿದರೆ ರಾತ್ರಿಯಾದರೂ ಹೊರಟುಬಿಡಬೇಕು.